ಗುರಿಯಾಗಿದ್ದ ದ್ವೀಪ: ಕಹೋಲಾವೆ, 1941–2004

ಯುದ್ಧನೌಕೆ, ವಿಮಾನ, ಬಂದರುಗಳಷ್ಟೇ ನೌಕಾಪಡೆಗೆ ಅಗತ್ಯವಾದ ಇನ್ನೊಂದು ಆಸ್ತಿಯಿದೆ. ಅದು ಗುಂಡು ಹಾರಿಸಿ ಕೈ ಪಳಗಿಸಿಕೊಳ್ಳುವ ಜಾಗ. ಸೈನಿಕ ಪರಿಭಾಷೆಯಲ್ಲಿ ‘ರೇಂಜ್’ ಎನಿಸಿಕೊಳ್ಳುವ ಈ ಜಾಗ ಜನವಸತಿಯಿಂದ ದೂರವಿರಬೇಕು, ಹಡಗಿನ ಫಿರಂಗಿಗೂ ವಿಮಾನದ ಬಾಂಬಿಗೂ ಒಂದೇ ಸಲಕ್ಕೆ ಎಟುಕಬೇಕು, ಅಲ್ಲಿ ಏನು ಸಿಡಿದರೂ ಕೇಳುವವರಿರಬಾರದು. ಇಪ್ಪತ್ತನೆಯ ಶತಮಾನದ ನೌಕಾಪಡೆಗಳು ಇಂಥ ಜಾಗವನ್ನು ಹುಡುಕಿದಾಗಲೆಲ್ಲ ಸಣ್ಣ ದ್ವೀಪಗಳೇ ಕಣ್ಣಿಗೆ ಬಿದ್ದುದು ಆಕಸ್ಮಿಕವಲ್ಲ. ಹವಾಯಿ ದ್ವೀಪಸಮೂಹದ ಎಂಟು ಮುಖ್ಯ ದ್ವೀಪಗಳಲ್ಲಿ ಅತಿ ಚಿಕ್ಕದಾದ ಕಹೋಲಾವೆ ಹೀಗೆ ಗುರಿಯಾದ ನೆಲಗಳಲ್ಲಿ ಒಂದು. ಆ ದ್ವೀಪದ ಕಥೆ ಬಾಂಬುಗಳ ಕಥೆ ಎಷ್ಟೋ ಅಷ್ಟೇ ಮಟ್ಟಿಗೆ ಒಂದು ಸರಕಾರಿ ಆದೇಶದಲ್ಲಿದ್ದ ಎರಡು ಷರತ್ತುಗಳ ಕಥೆಯೂ ಹೌದು. ಬರೆದವರು ಮರೆತ ಆ ಷರತ್ತುಗಳನ್ನು ಓದಿದವರು ಮರೆಯಲಿಲ್ಲ.

ಮಾವಿ ದ್ವೀಪದ ನೈಋತ್ಯಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಕಿರಿದಾದ ಜಲಸಂಧಿಯೊಂದರಾಚೆಗೆ ಇರುವ ಕಹೋಲಾವೆಯ ವಿಸ್ತೀರ್ಣ ಸುಮಾರು 117 ಚದರ ಕಿಲೋಮೀಟರ್, ಅಂದರೆ 28,800 ಎಕರೆ. ಅದರ ಅತ್ಯುನ್ನತ ಸ್ಥಳ ಸಮುದ್ರಮಟ್ಟದಿಂದ 450 ಮೀಟರಿನಷ್ಟು ಎತ್ತರದಲ್ಲಿದೆ. ಮಾವಿಯ ದೊಡ್ಡ ಅಗ್ನಿಪರ್ವತವಾದ ಹಲೆಅಕಲಾ ಮಳೆಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಕಹೋಲಾವೆ ಮಳೆನೆರಳಿನ ನಾಡಾಗಿ ಉಳಿದಿದ್ದು, ಅಲ್ಲಿ ವರ್ಷವಿಡೀ ಹರಿಯುವ ತೊರೆಯೆಂಬುದಿಲ್ಲ. ಆದರೂ ಅದು ಬರಡು ದ್ವೀಪವಾಗಿರಲಿಲ್ಲ. ಪಾಲಿನೇಷ್ಯದಿಂದ ದೋಣಿಗಳಲ್ಲಿ ಬಂದು ಹವಾಯಿಯಲ್ಲಿ ನೆಲೆಸಿದವರು ಇಲ್ಲಿ ಮೀನು ಹಿಡಿದರು, ಗೆಡ್ಡೆ ಬೆಳೆದರು, ಪುಉ ಮೋಇವಿ ಎಂಬ ಗುಡ್ಡದಲ್ಲಿ ಕಲ್ಲು ಒಡೆದು ಬಾಚಿಯ ಅಲಗುಗಳನ್ನು ತಯಾರಿಸಿದರು. ಕಡಲಿನ ದೇವತೆಯಾದ ಕನಲೋಅನ ಹೆಸರೇ ದ್ವೀಪದ ಹಳೆಯ ಹೆಸರು. ಮೋಅಉಲಾಇಕಿ ಎಂಬ ಎತ್ತರದ ಜಾಗ ನಕ್ಷತ್ರ, ಪ್ರವಾಹ, ಗಾಳಿಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆಯನ್ನು ಕಲಿಸುತ್ತಿದ್ದ ಪಾಠಶಾಲೆಯಾಗಿತ್ತೆಂದು ಪರಂಪರೆ ಹೇಳುತ್ತದೆ. ದ್ವೀಪದ ಪಶ್ಚಿಮದ ತುದಿಯ ಹೆಸರಾದ ಕೆಆಲಾಇಕಹಿಕಿ ಎಂದರೆ ತಹಿತಿಯ ಕಡೆಗಿನ ದಾರಿ ಎಂದರ್ಥ. ನೌಕಾಪಡೆಯ ಅಭ್ಯಾಸಭೂಮಿಯಾಗುವುದಕ್ಕೆ ಶತಮಾನಗಳ ಮೊದಲೇ ಅದು ನಾವಿಕರ ಅಭ್ಯಾಸಭೂಮಿಯಾಗಿತ್ತು ಎಂಬುದನ್ನು ವ್ಯಂಗ್ಯವೆನ್ನಬೇಕೋ ಯೋಗಾಯೋಗವೆನ್ನಬೇಕೋ ಓದುಗರೇ ನಿರ್ಧರಿಸಬಹುದು.

ದ್ವೀಪದ ನಾಶ ಬಾಂಬಿನಿಂದ ಆರಂಭವಾಯಿತೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. 1793ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಮಾವಿಯ ಅರಸ ಕಹೆಕಿಲಿಗೆ ಕಾಣಿಕೆಯಾಗಿ ಆಡುಗಳನ್ನು ಕೊಟ್ಟನೆಂದು ಹೇಳಲಾಗುತ್ತದೆ. ಅವುಗಳ ಸಂತತಿಯೇ ಕಹೋಲಾವೆಗೂ ಹಬ್ಬಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹವಾಯಿ ರಾಜ್ಯ ಈ ದ್ವೀಪವನ್ನು ಗಡೀಪಾರಾದ ಅಪರಾಧಿಗಳ ಸೆರೆಯನ್ನಾಗಿ ಬಳಸಿತು. 1858ರಿಂದಾಚೆಗೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗುತ್ತಿಗೆಯಾಗಿ ಹೋಗುತ್ತ ಕುರಿ, ದನಗಳ ಮೇವಿನ ಹೊಲವಾಯಿತು. ಬೇಲಿಯಿಲ್ಲದ ಮೇಯುವಿಕೆ ಹುಲ್ಲಿನ ಹೊದಿಕೆಯನ್ನು ಕಿತ್ತುಹಾಕಿದ ಮೇಲೆ ಬಯಲುಗಾಳಿ ತನ್ನ ಕೆಲಸವನ್ನು ಶುರುಮಾಡಿತು, ಮೇಲ್ಮಣ್ಣು ಕೆಂಧೂಳಾಗಿ ಕಡಲಿಗೆ ಹಾರಿತು, ಕೆಳಗೆ ಉಳಿದದ್ದು ಗುದ್ದಲಿಗೂ ಜಗ್ಗದ ಗಟ್ಟಿ ಪದರ. ಕರಾವಳಿಯ ತಗ್ಗುಗಳನ್ನು ಕಿಯಾವೆ ಎಂಬ ಮುಳ್ಳುಗಿಡ ಆಕ್ರಮಿಸಿತು. ಅದು ನಮ್ಮ ಬಯಲುಸೀಮೆಯ ರೈತರು ಶಾಪ ಹಾಕುತ್ತಲೇ ಸೌದೆಗೆ ಕಡಿಯುವ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. 1918ರಲ್ಲಿ ದ್ವೀಪವನ್ನು ಗುತ್ತಿಗೆಗೆ ಹಿಡಿದ ಆಂಗಸ್ ಮ್ಯಾಕ್‌ಫೀ ಎಂಬಾತ ಸಾವಿರಾರು ಆಡುಗಳನ್ನು ಹಿಡಿದು ಸಾಗಿಸಿ, ಬೇಲಿ ಹಾಕಿ, ಹುಲ್ಲು ಬಿತ್ತಿ ನೆಲವನ್ನು ಒಂದಿಷ್ಟು ಸುಧಾರಿಸಿದ. 1941ರ ಮೇ ತಿಂಗಳಲ್ಲಿ ಇದೇ ಗುತ್ತಿಗೆದಾರರು ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ದ್ವೀಪದ ಒಂದು ಭಾಗವನ್ನು ಬಾಂಬು ಹಾಕುವ ಅಭ್ಯಾಸಕ್ಕೆಂದು ಅಮೆರಿಕದ ಭೂಸೇನೆಗೆ ಒಳಗುತ್ತಿಗೆ ಕೊಟ್ಟರು. ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆದು ಹವಾಯಿಯಲ್ಲಿ ಸೈನಿಕ ಕಾನೂನು ಜಾರಿಯಾದ ಮೇಲೆ ಬಾಡಿಗೆಯ ಮಾತೇ ಉಳಿಯಲಿಲ್ಲ. ಇಡೀ ದ್ವೀಪ ಸೇನೆಯ ವಶವಾಯಿತು, ಗುತ್ತಿಗೆದಾರರು ಮತ್ತೆ ತಮ್ಮ ನೆಲಕ್ಕೆ ಹಿಂತಿರುಗಲಿಲ್ಲ.

ಯುದ್ಧಕಾಲದ ಈ ಬಳಕೆಯನ್ನು ಸಾರಾಸಗಟಾಗಿ ಅಲ್ಲಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಪೆಸಿಫಿಕ್ಕಿನ ದ್ವೀಪಗಳ ಮೇಲೆ ದಾಳಿಗೆ ಹೊರಟ ಹಡಗುಗಳ ಫಿರಂಗಿದಳಗಳು ದಡದ ಗುರಿಗೆ ಹೊಡೆಯುವುದನ್ನು ಇಲ್ಲಿಯೇ ಕಲಿತವು. 1943ರ ಆಗಸ್ಟ್ ಅಂತ್ಯದಲ್ಲಿ ನಡೆದ ಒಂದು ಪ್ರಯೋಗವಂತೂ ಜಲಾಂತರ್ಗಾಮಿಗಳ ಯುದ್ಧದ ದಿಕ್ಕನ್ನೇ ಬದಲಿಸಿತು. ಅಮೆರಿಕದ ಟಾರ್ಪೆಡೊಗಳು, ಅಂದರೆ ನೀರಿನೊಳಗೆ ತಾವೇ ಸಾಗಿ ಹಡಗಿಗೆ ಅಪ್ಪಳಿಸುವ ಸಿಡಿಗೊಳವೆಗಳು, ಶತ್ರುವಿನ ಹಡಗಿಗೆ ನೇರವಾಗಿ ಬಡಿದೂ ಸಿಡಿಯದೆ ಹೋಗುತ್ತಿದ್ದುವು; ಕಾರಣ ತಿಳಿಯದೆ ಕಂಗಾಲಾದ ನೌಕಾಧಿಕಾರಿಗಳು ಕಹೋಲಾವೆಯ ಕಡಿದಾದ ಬಂಡೆಯನ್ನೇ ಹಡಗೆಂದು ಭಾವಿಸಿ ‘ಮಸ್ಕಲಂಜ್’ ಎಂಬ ಜಲಾಂತರ್ಗಾಮಿಯಿಂದ ಒಂದರ ಹಿಂದೊಂದು ಟಾರ್ಪೆಡೊ ಹೊಡೆಸಿದರು. ಎರಡು ಸಿಡಿದವು, ಮೂರನೆಯದು ಸಿಡಿಯಲಿಲ್ಲ. ಮುಳುಗುಗಾರರು ಸ್ಫೋಟಕ ತುಂಬಿದ ಆ ಗೊಳವೆಯನ್ನು ಸಮುದ್ರತಳದಲ್ಲಿ ಹುಡುಕಿ, ಹಗ್ಗ ಬಿಗಿದು, ಜೋಪಾನವಾಗಿ ಮೇಲೆತ್ತಿ ಬಿಚ್ಚಿದಾಗ, ನೇರ ಹೊಡೆತದ ರಭಸಕ್ಕೆ ಸಿಡಿಮೊಳೆಯ ಮಾರ್ಗವೇ ಜಜ್ಜಿಹೋಗಿ ಮೊಳೆ ಮದ್ದನ್ನು ತಾಕದೆ ಉಳಿಯುತ್ತಿತ್ತೆಂಬುದು ಗೊತ್ತಾಯಿತು. ಆ ದಿನ ಸಿಡಿಯದ ಒಂದು ಗೊಳವೆಗಾಗಿ ಜೀವವನ್ನು ಪಣಕ್ಕಿಟ್ಟ ಅದೇ ನೌಕಾಪಡೆ, ಮುಂದಿನ ನಾಲ್ಕೂವರೆ ದಶಕಗಳಲ್ಲಿ ಸಿಡಿಯದೆ ಬಿದ್ದ ಸಾವಿರಾರು ಬಾಂಬುಗಳನ್ನು ಬಿದ್ದಲ್ಲೇ ಬಿಟ್ಟಿತು. ಒಂದರ ಅಗತ್ಯ ಅದಕ್ಕಿತ್ತು, ಮಿಕ್ಕವುಗಳ ಅಗತ್ಯ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಯುದ್ಧ ಮುಗಿದರೂ ದ್ವೀಪ ಹಿಂತಿರುಗಲಿಲ್ಲ. 1953ರ ಫೆಬ್ರವರಿ 20ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ 10436ನೆಯ ಸಂಖ್ಯೆಯ ಕಾರ್ಯಾದೇಶ ಕಹೋಲಾವೆಯನ್ನು ನೌಕಾಪಡೆಯ ಬಳಕೆಗೆ ಮೀಸಲಿಟ್ಟಿತು. ಅದರಲ್ಲಿ ಎರಡು ಷರತ್ತುಗಳು ಗಮನಿಸತಕ್ಕವು. ಮೊದಲನೆಯದರ ಪ್ರಕಾರ ನೌಕಾಪಡೆ ದ್ವೀಪದಲ್ಲಿರುವ ಸೀಳುಗೊರಸಿನ ಪ್ರಾಣಿಗಳನ್ನೆಲ್ಲ, ಅಂದರೆ ಆಡು, ಕುರಿಗಳನ್ನು, ನಿರ್ಮೂಲ ಮಾಡಬೇಕು, ಇಲ್ಲವೇ ಅವುಗಳ ಸಂಖ್ಯೆ ಯಾವ ಕಾಲಕ್ಕೂ 200ನ್ನು ಮೀರದಂತೆ ನೋಡಿಕೊಳ್ಳಬೇಕು. ಎರಡನೆಯದು, ದ್ವೀಪದ ಅಗತ್ಯ ತೀರಿದ ದಿನ ಅದನ್ನು ಮನುಷ್ಯವಾಸಕ್ಕೆ ತಕ್ಕಮಟ್ಟಿಗೆ ಸುರಕ್ಷಿತವಾದ ಸ್ಥಿತಿಗೆ ತಂದು, ಹವಾಯಿಗೆ ಖರ್ಚು ಬೀಳದಂತೆ ಒಪ್ಪಿಸಬೇಕು. ಸೈನಿಕ ರೇಂಜುಗಳ ಪರಿಸರ ನಿರ್ವಹಣೆ ಎಂದು ಇಂದು ಕರೆಯಲಾಗುವ ವಿಷಯದ ಬೀಜರೂಪ ಈ ಎರಡು ವಾಕ್ಯಗಳಲ್ಲಿದೆ: ಬಳಸುವಾಗ ನೆಲವನ್ನು ಕಾಯುವುದು, ಬಳಸಿದ ಮೇಲೆ ನೆಲವನ್ನು ತೊಳೆದುಕೊಡುವುದು. ಆದರೆ ‘ತಕ್ಕಮಟ್ಟಿಗೆ’ ಎಂದರೆ ಎಷ್ಟರ ಮಟ್ಟಿಗೆ ಎಂಬುದನ್ನು ಆದೇಶ ಹೇಳಲಿಲ್ಲ. ಇನ್ನೂರಕ್ಕೆ ಮಿತಿಗೊಳಿಸಿದ ಆಡುಗಳು ಸಾವಿರಗಳ ಲೆಕ್ಕದಲ್ಲಿ ಬೆಳೆದಾಗ ಎಣಿಸುವವರೂ ಇರಲಿಲ್ಲ. ಬಾಂಬು ಬೀಳುವ ಜಾಗಕ್ಕೆ ಆಡು ಎಣಿಸಲು ಹೋಗುವವರಾದರೂ ಯಾರು?

1965ರಲ್ಲಿ ದ್ವೀಪದ ನೈಋತ್ಯ ದಡದಲ್ಲಿ ‘ಸೈಲರ್ ಹ್ಯಾಟ್’ ಎಂಬ ಹೆಸರಿನ ಪರೀಕ್ಷಾಸರಣಿ ನಡೆಯಿತು. ಅಣುಬಾಂಬು ಸಿಡಿದಾಗ ಏಳುವ ಗಾಳಿಯ ಹೊಡೆತವನ್ನು ಹಡಗುಗಳು ತಾಳಬಲ್ಲವೇ ಎಂದು ತಿಳಿಯಲು, ಅಣುಬಾಂಬಿನ ಬದಲಿಗೆ 500 ಟನ್ ಟಿಎನ್‌ಟಿ ಸ್ಫೋಟಕದ ಇಟ್ಟಿಗೆಗಳನ್ನು ಬೋರಲು ಹಾಕಿದ ಬೋಗುಣಿಯ ಆಕಾರದಲ್ಲಿ ದಡದ ಮೇಲೆ ಪೇರಿಸಿ, ಸ್ವಲ್ಪ ದೂರದ ನೀರಿನಲ್ಲಿ ಹಡಗುಗಳನ್ನು ಲಂಗರು ಹಾಕಿ ನಿಲ್ಲಿಸಿ, ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಸಲ ಸಿಡಿಸಲಾಯಿತು. ಸ್ಫೋಟದಿಂದಾದ ಗುಣಿಯೊಳಗೆ ಬಂಡೆಯ ಬಿರುಕುಗಳ ಮೂಲಕ ಉಪ್ಪುನೀರು ಒಸರಿ ಅದೊಂದು ಕೊಳವಾಯಿತು. ಕೆಲವು ದಶಕಗಳ ಬಳಿಕ ಜೀವಶಾಸ್ತ್ರಜ್ಞರು ನೋಡಿದಾಗ ಅದರಲ್ಲಿ ಹವಾಯಿಯ ಕಡಲತಡಿಯ ಕೊಳಗಳಿಗೇ ವಿಶಿಷ್ಟವಾದ ಕೆಂಪು ಸಣ್ಣ ಸಿಗಡಿಗಳು ಈಜಾಡುತ್ತಿದ್ದುವು. ನೆಲದಡಿಯ ಬಿರುಕುಗಳಲ್ಲೇ ಬದುಕಿ, ತೆರೆದ ನೀರು ಸಿಕ್ಕಿದಲ್ಲಿ ಮೇಲೆ ಬರುವ ಈ ಜೀವಿಗಳನ್ನು ಮುಂದಿಟ್ಟುಕೊಂಡು ಪ್ರಕೃತಿ ಎಲ್ಲವನ್ನೂ ತಾನೇ ಸರಿಪಡಿಸಿಕೊಳ್ಳುತ್ತದೆಂದು ವಾದಿಸುವವರೂ ಇದ್ದಾರೆ. ಆ ಕೊಳವೊಂದನ್ನು ಬಿಟ್ಟರೆ ದ್ವೀಪದ ಬೇರಾವ ಗುಣಿಯೂ ಅವರ ವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ.

ಅಭ್ಯಾಸಕ್ಕೆ ಎದುರು ನಿಂತ ದನಿಗಳು 1969ರ ಹೊತ್ತಿಗೆ ಕೇಳಿಬಂದವು. ಆ ವರ್ಷ ಮಾವಿಯ ಮೇಯರ್ ಎಲ್ಮರ್ ಕ್ರವಾಲೋ ಗುತ್ತಿಗೆಗೆ ಹಿಡಿದಿದ್ದ ನೆಲದಲ್ಲಿಯೇ ಸಿಡಿಯದ 500 ಪೌಂಡಿನ ಬಾಂಬೊಂದು ಸಿಕ್ಕಿತು. ಏಳು ಮೈಲು ಆಚೆಯ ಗುರಿಯನ್ನು ತಪ್ಪಿದ ಬಾಂಬು ಜನವಸತಿಯ ದ್ವೀಪದಲ್ಲಿ ಬಿದ್ದಿತ್ತು. 1970ರ ಮೊದಲ ದಿನ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆ ಹೋರಾಟಕ್ಕೆ ಹೊಸ ಆಯುಧವನ್ನು ಕೊಟ್ಟಿತು. ಸರಕಾರದ ಯಾವ ದೊಡ್ಡ ಕಾರ್ಯವೇ ಆಗಲಿ, ಅದರಿಂದ ನೆಲ, ನೀರು, ಜೀವಿಗಳಿಗೆ ಆಗುವ ಹಾನಿಯನ್ನು ಮೊದಲೇ ಅಂದಾಜಿಸಿ, ಬೇರೆ ದಾರಿಗಳಿವೆಯೇ ಎಂದು ತೂಗಿ ನೋಡಿ, ಜನರ ಮುಂದಿಡಬೇಕೆಂದು ಆ ಕಾಯಿದೆ ವಿಧಿಸುತ್ತದೆ. ಹೀಗೆ ಮುಂದಿಡುವ ದಾಖಲೆಗೆ ಪರಿಸರ ಪರಿಣಾಮ ವರದಿ ಎಂದು ಹೆಸರು.

1976ರ ಜನವರಿ 4ರಂದು ಮಾವಿಯಿಂದ ಹೊರಟ ದೋಣಿಗಳ ಗುಂಪನ್ನು ಕರಾವಳಿ ಕಾವಲು ಪಡೆ ತಡೆದು ಹಿಂದಕ್ಕೆ ಕಳಿಸಿದರೂ ಒಂದು ದೋಣಿ ನುಸುಳಿ ಒಂಬತ್ತು ಜನರನ್ನು ಕಹೋಲಾವೆಯ ದಡಕ್ಕಿಳಿಸಿತು. ಕೆಲವು ಗಂಟೆಗಳಲ್ಲಿ ಏಳು ಮಂದಿಯನ್ನು ಹಿಡಿದು ಸಾಗಿಸಲಾಯಿತು. ಮೊಲೊಕಾಇ ದ್ವೀಪದ ವೈದ್ಯ ಎಮೆಟ್ ಅಲುಲಿ ಮತ್ತು ವಾಲ್ಟರ್ ರಿಟ್ಟೆ ಇಬ್ಬರೇ ಎರಡು ದಿನ ಒಳನಾಡಿನಲ್ಲಿ ತಿರುಗಾಡಿದರು. ಈ ಪ್ರವೇಶದ ಬೆನ್ನಲ್ಲೇ ಹುಟ್ಟಿದ ಸಂಘಟನೆ ತನ್ನನ್ನು ‘ಪ್ರೊಟೆಕ್ಟ್ ಕಹೋಲಾವೆ ಓಹಾನ’ ಎಂದು ಕರೆದುಕೊಂಡಿತು. ಓಹಾನ ಎಂದರೆ ಮನೆತನ, ಬಂಧುಬಳಗ. ಅವರ ಘೋಷಣೆಯಾದ ‘ಅಲೋಹಾ ಆಇನ’ ಎಂಬುದನ್ನು ನೆಲದ ಮೇಲಿನ ಪ್ರೀತಿ ಎಂದು ಅರ್ಥೈಸುವುದು ರೂಢಿಯಾಗಿದ್ದರೂ, ಆಇನ ಎಂಬ ಮಾತಿನ ಮೂಲಾರ್ಥ ಉಣಿಸುವುದು ಎಂದು. ಉಣಿಸುವ ನೆಲಕ್ಕೆ ಬಾಂಬು ಹಾಕುವುದೆಂದರೇನೆಂಬುದು ಹವಾಯಿಯವರಿಗೆ ವಿವರಿಸಿ ಹೇಳಬೇಕಾದ ಮಾತಾಗಿರಲಿಲ್ಲ. 1977ರ ಮಾರ್ಚಿನಲ್ಲಿ, ದ್ವೀಪದಲ್ಲಿ ವಾರಗಟ್ಟಲೆ ಅಡಗಿದ್ದ ಸಂಗಡಿಗರನ್ನು ಹುಡುಕಿ ಹೋದ ಗಾಯಕ ಜಾರ್ಜ್ ಹೆಲ್ಮ್ ಮತ್ತು ಕಿಮೊ ಮಿಚೆಲ್ ಸಮುದ್ರದಲ್ಲಿ ಕಣ್ಮರೆಯಾದರು. ಹಾಡುಗಾರನೆಂದು ಹೆಸರಾಗಿದ್ದ ಹೆಲ್ಮ್‌ನ ಸಾವು ಅದುವರೆಗೆ ದೂರದಿಂದ ನೋಡುತ್ತಿದ್ದವರನ್ನೂ ಹೋರಾಟದೊಳಕ್ಕೆ ಎಳೆಯಿತು.

ಬೀದಿಯ ಹೋರಾಟಕ್ಕಿಂತ ಕಡಮೆ ಸದ್ದು ಮಾಡಿದರೂ ಹೆಚ್ಚು ಫಲ ಕೊಟ್ಟದ್ದು ಮೊಕದ್ದಮೆ. 1976ರಲ್ಲಿ ಅಲುಲಿ ಮತ್ತು ಇತರರು ರಕ್ಷಣಾ ಇಲಾಖೆಯ ವಿರುದ್ಧ ಹೂಡಿದ ದಾವೆಯಲ್ಲಿ ಬಾಂಬು ನಿಲ್ಲಿಸಬೇಕೆಂಬ ಬೇಡಿಕೆಗಿಂತ ಹೆಚ್ಚು ಪರಿಣಾಮ ಬೀರಿದ್ದು ಸರಕಾರವೇ ಮಾಡಿಕೊಂಡ ಕಾನೂನನ್ನು ಸರಕಾರ ಪಾಲಿಸಿದೆಯೇ ಎಂಬ ಪ್ರಶ್ನೆ. ನೌಕಾಪಡೆ ಪರಿಸರ ಪರಿಣಾಮ ವರದಿಯನ್ನು ಕಾಲಕಾಲಕ್ಕೆ ಹೊಸದಾಗಿ ಸಿದ್ಧಪಡಿಸಬೇಕು, ದ್ವೀಪದ ಪ್ರಾಚೀನ ನೆಲೆಗಳನ್ನು ಗುರುತಿಸಬೇಕು ಎಂದು ಹವಾಯಿಯ ಫೆಡರಲ್ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ವರ್ಷವರ್ಷವೂ ವರದಿ ಬೇಕೆಂಬ ಭಾಗ ಮೇಲ್ಮನವಿಯಲ್ಲಿ ಬಿದ್ದುಹೋಯಿತಾದರೂ ಅಷ್ಟರಲ್ಲಿ ಪುರಾತತ್ತ್ವಜ್ಞರು ದ್ವೀಪಕ್ಕೆ ಕಾಲಿಟ್ಟಾಗಿತ್ತು, ಕಾಲಿಟ್ಟವರಿಗೆ ನಿರ್ಜನವೆನ್ನಲಾಗಿದ್ದ ನೆಲದಲ್ಲಿ ಐನೂರಕ್ಕೂ ಹೆಚ್ಚು ನೆಲೆಗಳು ಕಂಡಿದ್ದುವು: ದೇಗುಲದ ಜಗಲಿಗಳು, ಬೆಸ್ತರ ಪೂಜಾಸ್ಥಳಗಳು, ಬಂಡೆಯ ಮೇಲಿನ ಕೆತ್ತನೆಗಳು, ಬಾಚಿ ಕಡೆದ ಚಕ್ಕೆಗಳ ರಾಶಿಗಳು. 1980ರ ಡಿಸೆಂಬರ್ 1ರಂದು ಉಭಯಪಕ್ಷಗಳು ಒಪ್ಪಿದ ರಾಜಿ ಡಿಕ್ರಿಯ ಪ್ರಕಾರ ಸುಮಾರು 10,000 ಎಕರೆಯ ಮೇಲ್ಮೈಯಿಂದ ಸಿಡಿಮದ್ದನ್ನು ತೆಗೆಯುವುದು, ಮಣ್ಣಿನ ಸವಕಳಿಯನ್ನು ತಡೆಯುವುದು, ಆಡುಗಳನ್ನು ನಿರ್ಮೂಲಗೊಳಿಸುವುದು, ತಿಂಗಳಿಗೆ ನಾಲ್ಕು ದಿನಗಳಂತೆ ವರ್ಷದ ಹತ್ತು ತಿಂಗಳು ಓಹಾನದವರಿಗೆ ಪ್ರವೇಶ ಕೊಡುವುದು ನೌಕಾಪಡೆಯ ಹೊಣೆಯಾಯಿತು. 1981ರ ಮಾರ್ಚಿನಲ್ಲಿ ಇಡೀ ದ್ವೀಪ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೂ ಅದರ ಮಧ್ಯಭಾಗದ ಮೇಲೆ ಬಾಂಬು ಬೀಳುವುದು ನಿಲ್ಲಲಿಲ್ಲ. ಒಂದೇ ಸರಕಾರ ಒಂದೇ ನೆಲವನ್ನು ಸ್ಮಾರಕವೆಂದು ದಾಖಲಿಸಿ ಗುರಿಯೆಂದು ಹೊಡೆದ ಒಂಬತ್ತು ವರ್ಷಗಳವು.

1982ರಲ್ಲಿ ಓಹಾನದವರು ಮಳೆ ಮತ್ತು ಸುಗ್ಗಿಯ ದೇವತೆಯಾದ ಲೋನೋನನ್ನು ಕರೆಯುವ ಮಕಹಿಕಿ ಹಬ್ಬವನ್ನು ದ್ವೀಪದಲ್ಲಿ ಮತ್ತೆ ಆರಂಭಿಸಿದರು. ನೌಕಾಪಡೆ ತನ್ನ ಕಡೆಯಿಂದ ಗಾಳಿಗೆ ತಡೆಯಾಗಿ ಟಾಮರಿಸ್ಕ್ ಎಂಬ ಹೊರನಾಡಿನ ಗಿಡಗಳ ಸಾಲುಗಳನ್ನು ನೆಡಿಸಿತು, ಆಡುಗಳನ್ನು ಹಿಡಿಸಿತು, ಕೊಲ್ಲಿಸಿತು. ತೊಂಬತ್ತರ ದಶಕದ ಆರಂಭಕ್ಕೆ, ಐಸೆನ್‌ಹೋವರ್ ಆದೇಶದ ನಾಲ್ಕು ದಶಕಗಳ ಅನಂತರ, ಆಡುಗಳಿಲ್ಲದ ಕಹೋಲಾವೆ ನಿಜವಾಯಿತು. ಆಡುಗಳಿಂದ ಏನು ಹೋಗಿತ್ತೆಂಬುದು 1992ರಲ್ಲಿ ಅನಿರೀಕ್ಷಿತವಾಗಿ ತಿಳಿಯಿತು. ದ್ವೀಪದ ದಕ್ಷಿಣ ದಡದಿಂದ ಬೇರ್ಪಟ್ಟು ಸಮುದ್ರದಲ್ಲಿ ಕಂಬದಂತೆ ನಿಂತಿರುವ, ಆಡು ಏರಲಾರದ ಅಲೆಅಲೆ ಎಂಬ ಬಂಡೆಯ ನೆತ್ತಿಯನ್ನು ಹತ್ತಿದ ಸಸ್ಯಶಾಸ್ತ್ರಜ್ಞರಾದ ಕೆನ್ ವುಡ್ ಮತ್ತು ಸ್ಟೀವ್ ಪರ್ಲ್‌ಮನ್ ಅವರಿಗೆ ಅಲ್ಲಿ ಹಿಂದೆಂದೂ ದಾಖಲಾಗದ ಒಂದು ಗಿಡ ಸಿಕ್ಕಿತು. ಹೊಸ ಜಾತಿಯಷ್ಟೇ ಅಲ್ಲ, ಹೊಸ ಕುಲವೇ ಆಗಿದ್ದ ದ್ವಿದಳಧಾನ್ಯ ವರ್ಗದ ಈ ಪೊದೆಗೆ 1994ರಲ್ಲಿ ‘ಕನಲೋಅ ಕಹೋಲವೆನ್ಸಿಸ್’ ಎಂದು ಹೆಸರಿಡಲಾಯಿತು. ಕಂಡದ್ದು ಎರಡೇ ಗಿಡ. ಓಅಹು ದ್ವೀಪದ ಕೆಸರಿನ ಪದರಗಳಲ್ಲಿ ಇದೇ ಗಿಡದ ಪರಾಗ ಹೇರಳವಾಗಿ ದೊರೆತು, ಒಂದು ಕಾಲಕ್ಕೆ ಹವಾಯಿಯ ತಗ್ಗುಕಾಡುಗಳಲ್ಲಿ ಇದು ಸಾಮಾನ್ಯವಾಗಿತ್ತೆಂಬುದೂ ಸ್ಪಷ್ಟವಾಯಿತು.

1990ರ ಅಕ್ಟೋಬರ್ 22ರಂದು ಅಧ್ಯಕ್ಷ ಜಾರ್ಜ್ ಬುಷ್ ಬಾಂಬು ಹಾಕುವುದನ್ನು ನಿಲ್ಲಿಸುವಂತೆ ಆದೇಶಿಸಿದರು. ಅದು ಚುನಾವಣೆಯ ಹೊಸ್ತಿಲಿನ ನಿರ್ಧಾರವಾಗಿತ್ತೆಂಬುದು ನಿಜ, ಆದರೆ ರಾಜಕೀಯ ಲೆಕ್ಕಾಚಾರಕ್ಕೆ ಒಂದು ದ್ವೀಪ ತೂಕದ ವಿಷಯವಾಗುವಂತೆ ಮಾಡಿದ್ದು ಹದಿನಾಲ್ಕು ವರ್ಷಗಳ ಹೋರಾಟ. ಸೆನೆಟರ್ ಡೇನಿಯಲ್ ಇನೊಯೆ ಮುಂದೆ ನಿಂತು 1993ರ ನವೆಂಬರಿನಲ್ಲಿ ಮಾಡಿಸಿದ ಕಾನೂನು ದ್ವೀಪವನ್ನು ಹವಾಯಿ ರಾಜ್ಯಕ್ಕೆ ಒಪ್ಪಿಸಲು, ಹತ್ತು ವರ್ಷಗಳಲ್ಲಿ 40 ಕೋಟಿ ಡಾಲರ್ ವೆಚ್ಚದಲ್ಲಿ ಅದನ್ನು ಶುಚಿಗೊಳಿಸಲು ದಾರಿ ಮಾಡಿತು; ಆ ಹಣದಲ್ಲಿ ಶೇ. 11ರಷ್ಟು ರಾಜ್ಯದ ಪುನಶ್ಚೇತನ ಕೆಲಸಕ್ಕೆ ಮೀಸಲಾಯಿತು. 1994ರ ಮೇ 7ರಂದು ಹಕ್ಕುಪತ್ರ ಹಸ್ತಾಂತರವಾಯಿತು. ಇಡೀ ದ್ವೀಪದ ಮೇಲ್ಮೈಯನ್ನೂ, ಶೇ. 30ರಷ್ಟು ಭಾಗದಲ್ಲಿ ನೆಲದ ಆಳವನ್ನೂ ಶುಚಿಗೊಳಿಸುವುದು ಗುರಿ.

ಶುಚಿ ಎಂಬ ಮಾತು ಇಲ್ಲಿ ಎಂಥ ಕೆಲಸವನ್ನು ಸೂಚಿಸುತ್ತದೆಂಬುದನ್ನು ಸ್ವಲ್ಪ ನಿಂತು ನೋಡಬೇಕು. 1997ರಲ್ಲಿ ಗುತ್ತಿಗೆ ಪಡೆದ ಕಂಪನಿಯ ಕೆಲಸಗಾರರು ಮಾವಿಯಿಂದ ಹೆಲಿಕಾಪ್ಟರಿನಲ್ಲಿ ಬಂದಿಳಿದು, ದ್ವೀಪವನ್ನು ಚೌಕಗಳಾಗಿ ವಿಂಗಡಿಸಿ, ಹಗ್ಗ ಎಳೆದ ಸಾಲುಗಳ ನಡುವೆ ಲೋಹಶೋಧಕ ಹಿಡಿದು ಹೆಗಲಿಗೆ ಹೆಗಲು ಕೊಟ್ಟು ಹೆಜ್ಜೆ ಹೆಜ್ಜೆಯಾಗಿ ನಡೆದರು. ಯಂತ್ರ ಸದ್ದು ಮಾಡಿದ ಕಡೆ ಗುರುತು ನೆಡಬೇಕು; ಅದು ತುಕ್ಕು ಹಿಡಿದ ತಗಡಿನ ಚೂರೋ ಮದ್ದು ತುಂಬಿದ ಫಿರಂಗಿಗುಂಡೋ ಎಂದು ಪರಿಣತರು ಬಂದು ನೋಡಬೇಕು; ಎತ್ತಲಾಗದ್ದನ್ನು ಇದ್ದಲ್ಲೇ ಸಿಡಿಸಬೇಕು, ಹತ್ತಿರದಲ್ಲಿ ಹಳೆಯ ಗುಡಿಯ ಕಲ್ಲುಗಳಿದ್ದರೆ ಮೊದಲು ಅವಕ್ಕೆ ಮರೆ ಕಟ್ಟಬೇಕು. ಅಗ್ನಿಪರ್ವತದ ಮಣ್ಣಿನಲ್ಲಿಯೇ ಕಬ್ಬಿಣದ ಅಂಶ ಹೇರಳವಾಗಿದ್ದುದರಿಂದ ಯಂತ್ರಕ್ಕೆ ಬಾಂಬಿಗೂ ಬಂಡೆಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಯಿತು. ಗುರಿಗಳಾಗಿ ಬಳಸಿದ್ದ ಟೈರುಗಳೇ ಸುಮಾರು 14,000 ಹೊರಬಂದವು. ಹಣವೂ ಗಡುವೂ ಮುಗಿದ 2004ರಲ್ಲಿ ಲೆಕ್ಕ ಹೀಗಿತ್ತು: ದ್ವೀಪದ ಸುಮಾರು ಮುಕ್ಕಾಲು ಭಾಗದ ಮೇಲ್ಮೈ ಶುಚಿಯಾಗಿತ್ತು, ನಾಲ್ಕು ಅಡಿ ಆಳದವರೆಗೆ ಶುಚಿಯಾದದ್ದು ಇಡೀ ದ್ವೀಪದ ಹತ್ತನೆಯ ಒಂದಂಶ ಮಾತ್ರ, 6,692 ಎಕರೆಗೆ ಯಾರ ಕಾಲೂ ಸೋಕಿರಲಿಲ್ಲ, ಸುತ್ತಲಿನ ಕಡಲತಳ ಲೆಕ್ಕಕ್ಕೇ ಬಂದಿರಲಿಲ್ಲ. 1953ರ ‘ತಕ್ಕಮಟ್ಟಿಗೆ’ ಎಂಬ ಮಾತಿಗೆ ಅರ್ಧ ಶತಮಾನದ ಅನಂತರ ದೊರೆತ ಅಂಕಿಸಂಖ್ಯೆಯ ಅರ್ಥ ಇದು.

ಕಹೋಲಾವೆಯ ಅನುಭವ ಒಂಟಿಯಲ್ಲ. ಪೋರ್ಟೊ ರಿಕೊದ ವಿಯೆಕೆಸ್ ದ್ವೀಪದಲ್ಲಿ 1999ರಲ್ಲಿ ಗುರಿ ತಪ್ಪಿದ ಬಾಂಬು ಕಾವಲುಗಾರನೊಬ್ಬನನ್ನು ಕೊಂದ ಮೇಲೆ ಎದ್ದ ಜನಾಂದೋಲನ 2003ರಲ್ಲಿ ಅಲ್ಲಿನ ರೇಂಜನ್ನು ಮುಚ್ಚಿಸಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ: ಕ್ಯಾಲಿಫೋರ್ನಿಯದಾಚೆಯ ಸ್ಯಾನ್ ಕ್ಲೆಮೆಂಟಿ ದ್ವೀಪ 1934ರಿಂದ ಇಂದಿನವರೆಗೆ ನೌಕಾಪಡೆಯ ಅಭ್ಯಾಸಭೂಮಿಯೇ ಆಗಿದ್ದರೂ, ಆಡುಗಳನ್ನು ಪೂರ್ತಿ ತೆಗೆದದ್ದರಿಂದ ಮತ್ತು ಸೈನಿಕ ನೆಲೆಗಳಿಗೆ ನೈಸರ್ಗಿಕ ಸಂಪತ್ತಿನ ನಿರ್ವಹಣಾ ಯೋಜನೆಯನ್ನು ಕಡ್ಡಾಯಗೊಳಿಸಿದ ಕಾನೂನಿನಿಂದ, ಅಳಿವಿನಂಚಿನಲ್ಲಿದ್ದ ಅಲ್ಲಿನ ನಾಲ್ಕು ಗಿಡಗಳೂ ಒಂದು ಗುಬ್ಬಿಜಾತಿಯ ಹಕ್ಕಿಯೂ ಚೇತರಿಸಿಕೊಂಡು 2023ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂದವು. ಗುಂಡಿನ ಅಭ್ಯಾಸಕ್ಕಿಂತ ಆಡಿನ ಹಲ್ಲು ಹೆಚ್ಚು ಹಾನಿಕರವೆಂದು ಇದರಿಂದ ತೀರ್ಮಾನಿಸುವ ಸೈನಿಕ ವಕೀಲರಿಗೆ ಉತ್ತರವಿಷ್ಟೇ: ಸ್ಯಾನ್ ಕ್ಲೆಮೆಂಟಿಯಲ್ಲಿ ಎಣಿಸುವವರಿದ್ದರು. ನಮ್ಮ ಕರಾವಳಿಯಲ್ಲಿ ಮುರ್ಡೇಶ್ವರದಾಚೆಗಿರುವ ನೇತ್ರಾಣಿ ದ್ವೀಪವೂ ಭಾರತೀಯ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾದದ್ದೇ. ಹವಳದ ದಿಬ್ಬಗಳೂ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳೂ ಇರುವ ಆ ಬಂಡೆಗುಡ್ಡದ ಬಗ್ಗೆ ಉತ್ತರ ಕನ್ನಡದ ಪರಿಸರಾಸಕ್ತರು ಎತ್ತಿದ ಪ್ರಶ್ನೆಗಳು ಕಹೋಲಾವೆಯಲ್ಲಿ ಎತ್ತಿದವುಗಳಿಗಿಂತ ಬೇರೆಯಲ್ಲ.

ನೌಕಾಪಡೆ ಹೊರಟ ಮೇಲೆ ಉಳಿದದ್ದು ಮಣ್ಣಿನ ಸಮಸ್ಯೆ. ವರ್ಷಕ್ಕೆ ಸುಮಾರು 19 ಲಕ್ಷ ಟನ್ ಮಣ್ಣು ಕೊಚ್ಚಿ ಹೋಗಿ ಕಡಲ ಹವಳದ ಮೇಲೆ ಕೂರುತ್ತಿದೆಯೆಂದು ದ್ವೀಪದ ಮೀಸಲು ಆಯೋಗ ಅಂದಾಜು ಮಾಡಿದೆ. ನೆಟ್ಟು ಸರಿಪಡಿಸೋಣವೆಂದರೆ ಆಳ ಶುಚಿಯಾಗದ ನೆಲದಲ್ಲಿ ಗುದ್ದಲಿ ಹಾಕುವಂತಿಲ್ಲ. ಹಾಗಾಗಿ ಸ್ವಯಂಸೇವಕರು ಪಿಲಿ ಎಂಬ ನಾಡಹುಲ್ಲನ್ನು ಹೊರೆಗಟ್ಟಿ ತಂದು, ಗಟ್ಟಿನೆಲದ ಮೇಲೆ ನೀರು ಹರಿಯುವ ಓರೆಗೆ ಅಡ್ಡಲಾಗಿ ಸಾಲಾಗಿಟ್ಟು, ಅದರ ಮಗ್ಗುಲಿಗೆ ಮಣ್ಣು ಗುಡ್ಡೆಹಾಕಿ ನೆಲವನ್ನು ಅಗೆಯದೆಯೇ ಸಸಿ ಊರುತ್ತಾರೆ. ಹುಲ್ಲುಹೊರೆ ಕೊಳೆಯುತ್ತ ಹೋದಂತೆ ಅದರೊಳಗಿನ ಬೀಜ ಮೊಳೆಯುತ್ತದೆ. 2020ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿ ಸುಮಾರು 9,000 ಎಕರೆಯನ್ನು ಸುಟ್ಟಾಗ, ಸಿಡಿಯದ ಬಾಂಬುಗಳ ಭಯದಿಂದ ಅಗ್ನಿಶಾಮಕರು ನೆಲಕ್ಕಿಳಿದು ಹೋರಾಡಲಾಗಲಿಲ್ಲ. ಆಯೋಗದ ಉಗ್ರಾಣವೂ ಉಪಕರಣಗಳೂ ಆ ಬೆಂಕಿಗೆ ಆಹುತಿಯಾದವು. ದ್ವೀಪದಲ್ಲಿ ವ್ಯಾಪಾರದ ಬಳಕೆಯನ್ನು ನಿಷೇಧಿಸಿರುವ ಹವಾಯಿ ರಾಜ್ಯದ ಕಾನೂನು ಅದರ ಒಡೆತನದ ಬಗೆಗೂ ಒಂದು ವಿಧಿಯನ್ನು ಬರೆದಿಟ್ಟಿದೆ: ಹವಾಯಿಯ ಮೂಲನಿವಾಸಿಗಳ ಸ್ವಾಯತ್ತ ಆಡಳಿತವೊಂದು ಸ್ಥಾಪನೆಯಾಗಿ ರಾಜ್ಯ ಮತ್ತು ಕೇಂದ್ರ ಸರಕಾರಗಳ ಮನ್ನಣೆ ಪಡೆಯುವವರೆಗೆ ರಾಜ್ಯ ಈ ದ್ವೀಪವನ್ನು ನ್ಯಾಸವಾಗಿ ಕಾಯತಕ್ಕದ್ದು, ಆಮೇಲೆ ಅದಕ್ಕೆ ಒಪ್ಪಿಸತಕ್ಕದ್ದು. ಅಂಥ ಆಡಳಿತ ಇನ್ನೂ ಹುಟ್ಟಿಲ್ಲ, ನ್ಯಾಸ ಜಾರಿಯಲ್ಲಿದೆ.